ಪಾದ್ರಿ ಹೇಳಿದ ಕೃಷ್ಣಾರ್ಪಣ

ಪ್ರೆಷರ್ ಕುಕ್ಕರಿನ ಹಳೆಯ ಗ್ಯಾಸ್ಕೆಟ್ಟನ್ನು ಬಳೆಯಂತೆ ಕೈಗೆ ಹಾಕಿಕೊಂಡು ಚೆನ್ನೈನ ಪುರಸೈವಾಕ್ಕಂನಲ್ಲಿ ಅಂಗಡಿಯಿಂದ ಅಂಗಡಿಗೆ ಅಲೆಯುವ ಐವತ್ತು ದಾಟಿದ ಗಂಡಸೊಬ್ಬನನ್ನು ನೀವು ನೋಡಿದ್ದರೆ, ಅದು ನಾನೇ ಇದ್ದೀತು. ನಮ್ಮ ಕುಕ್ಕರು ಮದುವೆಯಲ್ಲಿ ಉಡುಗೊರೆಯಾಗಿ ಬಂದದ್ದು. ಆ ಅಳತೆಯ ಗ್ಯಾಸ್ಕೆಟ್ ಈಗ ಬರುವುದಿಲ್ಲ ಎಂದು ನಾಲ್ಕು ಅಂಗಡಿಯವರು ಹೇಳಿಯಾಗಿತ್ತು. ಐದನೆಯವನೂ ಅದನ್ನೇ ಹೇಳಿದಾಗ ನನ್ನ ಬಾಯಿಂದ ತಾನಾಗಿ ಬಂತು: "ಹುಡುಕಿದ್ರೆ ಸಿಗುತ್ತೆ ಸಾರ್." ಹಣೆತುಂಬ ವಿಭೂತಿ ಬಳಿದುಕೊಂಡಿದ್ದ ಆತ ನಕ್ಕು, "ತಟ್ಟಿದ್ರೆ ತೆರೆಯುತ್ತೆ, ಅದೂ ಗೊತ್ತು. ಆದ್ರೆ ಗೋಡೌನ್ ಬೀಗದಕೈ ಅಣ್ಣನ ಹತ್ರ ಇದೆ, ನಾಳೆ ಬನ್ನಿ" ಎಂದು ತಮಿಳಿನಲ್ಲಿ ಹೇಳಿ ಸಾಗಹಾಕಿದ.

ಪಕ್ಕದಲ್ಲಿದ್ದ ನನ್ನ ಹೆಂಡತಿ ಪದ್ಮಾ ಹೊರಗೆ ಬಂದಮೇಲೆ ಕೇಳಿದಳು: "ಅಲ್ಲಾರೀ, ವಿಭೂತಿಯವರೊಬ್ರು, ಗೋಪೀಚಂದನದವರೊಬ್ರು. ಇಬ್ರೂ ಚರ್ಚಿನಲ್ಲಿ ಮಾತಾಡೋ ಹಾಗೆ ಮಾತಾಡ್ತೀರಲ್ಲ, ನಿಮ್ಮೂರಲ್ಲಿ ಎಲ್ಲರೂ ಹೀಗೇನಾ?" ಪದ್ಮಾ ಮೈಸೂರಿನವಳು. ಮದುವೆಯಾಗಿ ಇಪ್ಪತ್ತೇಳು ವರ್ಷವಾದರೂ ಚೆನ್ನೈ ಅವಳಿಗೆ 'ನಿಮ್ಮೂರು' ಆಗಿಯೇ ಉಳಿದಿದೆ. ಆ ಸಂಜೆ ಅವಳು ನನ್ನ ಮಾತುಗಳ ಪಟ್ಟಿಯನ್ನೇ ಕೊಟ್ಟಳು. ಮಗ ಅಪರೂಪಕ್ಕೆ ಫೋನು ಮಾಡಿದರೆ 'ದಾರಿ ತಪ್ಪಿದ ಮಗ ಮನೆಗೆ ಬಂದ' ಅನ್ನುತ್ತೇನಂತೆ. ಅವಳ ತಮ್ಮ ಬಂದು ಹದಿನೈದು ದಿನ ಉಳಿದರೆ 'ನನ್ನ ಶಿಲುಬೆ ನಾನೇ ಹೊರಬೇಕಲ್ಲ' ಅನ್ನುತ್ತೇನಂತೆ. ಎರಡನೆಯದನ್ನು ಅವಳು ಮರೆತಿದ್ದರೆ ಚೆನ್ನಾಗಿತ್ತು.

ನಮ್ಮ ಮನೆತನ ಮಾಧ್ವರದು. ಅಜ್ಜ ರೈಲ್ವೆ ಕೆಲಸಕ್ಕೆ ಈ ಊರಿಗೆ ಬಂದವರು. ನಾನು ಹುಟ್ಟಿದ್ದು ಇಲ್ಲಿಯ ತಿರುವಲ್ಲಿಕ್ಕೇಣಿಯಲ್ಲಿ. ಹಿತ್ತಲಲ್ಲಿ ಬಾವಿ, ಬಾವಿಯ ಸುತ್ತ ಅಜ್ಜಿಯ ಮಡಿ. ಬೀದಿಯ ಕೊನೆಯ ಗೋಡೆಯ ಮೇಲೆ ಯಾರೋ ದಪ್ಪ ತಮಿಳು ಅಕ್ಷರಗಳಲ್ಲಿ 'ಏಸು ಬರುತ್ತಿದ್ದಾರೆ' ಎಂದು ಬರೆದಿದ್ದರು. ಅಕ್ಷರ ಕಲಿತ ಹೊಸದರಲ್ಲಿ ಅದನ್ನು ಓದಿ ಓಡಿಬಂದು ಅಜ್ಜಿಗೆ ಸುದ್ದಿ ಮುಟ್ಟಿಸಿದೆ. ಅಜ್ಜಿ ಹೂಬತ್ತಿ ಹೊಸೆಯುತ್ತಿದ್ದವಳು ತಲೆಯೆತ್ತದೆ, "ಬರ್ಲಿ, ಊಟ ಮಾಡ್ಕೊಂಡು ಹೋಗಕ್ಕೆ ಹೇಳು. ಜಗುಲಿ ಮೇಲೆ ಎಲೆ ಹಾಕಿದ್ರಾಯ್ತು" ಅಂದಳು. ಆಕೆಯ ಆತಿಥ್ಯಕ್ಕೆ ಮಿತಿಯಿರಲಿಲ್ಲ, ಆದರೆ ಅದು ಜಗುಲಿಯವರೆಗೆ ಮಾತ್ರ. ದೊಡ್ಡವನಾದ ಮೇಲೆ ಅದನ್ನು ನೆನೆದು ನನಗೆ ನಗೆಯೂ ಬಂದಿದೆ, ನಾಚಿಕೆಯೂ ಆಗಿದೆ.

ನನ್ನನ್ನು ಸೇರಿಸಿದ್ದು ಮಿಷನರಿಗಳ ಶಾಲೆಗೆ. ಇಂಗ್ಲಿಷ್ ಚೆನ್ನಾಗಿ ಬರುತ್ತದೆ ಎಂಬ ಒಂದೇ ಕಾರಣಕ್ಕೆ. ಅಲ್ಲಿ ವಾರಕ್ಕೆರಡು ಸಲ ಸ್ಕ್ರಿಪ್ಚರ್ ಎಂಬ ಬೈಬಲ್ ಕ್ಲಾಸು, ಅದನ್ನು ತೆಗೆದುಕೊಳ್ಳುತ್ತಿದ್ದವರು ಗ್ರೇಸ್ ಟೀಚರ್. ಅವರು ಹುಟ್ಟಿದ್ದು ಕೋಲಾರದ ಚಿನ್ನದ ಗಣಿಯ ತಮಿಳು ಕ್ರೈಸ್ತ ಕುಟುಂಬದಲ್ಲಿ, ತಂದೆ ಗಣಿ ಕೆಲಸಗಾರ. ಹಾಗಾಗಿ ಅವರಿಗೆ ಕನ್ನಡ ಬರುತ್ತಿತ್ತು, ಅರ್ಧಕ್ಕರ್ಧ ತಮಿಳು ಬೆರೆತ ಕನ್ನಡ. ಮೀನಿನ ಹೊಟ್ಟೆಯೊಳಗೆ ಮೂರು ದಿನ ಇದ್ದವನ ಕಥೆ ಹೇಳುವಾಗ ಅವರು ಸಮುದ್ರವನ್ನು ವರ್ಣಿಸುತ್ತಿರಲಿಲ್ಲ. ತಮ್ಮ ಅಪ್ಪ ಕೇಜ್ ಎಂಬ ಕಬ್ಬಿಣದ ಲಿಫ್ಟಿನಲ್ಲಿ ನಿಂತು ಭೂಮಿಯ ಒಳಕ್ಕೆ ಇಳಿಯುತ್ತಿದ್ದುದನ್ನು ವರ್ಣಿಸುತ್ತಿದ್ದರು. ಕತ್ತಲೆ, ಬಿಸಿ, ಕಿವಿ ಮುಚ್ಚಿಕೊಳ್ಳುವುದು. ಇಂದಿಗೂ ಆ ಮೀನೆಂದರೆ ನನ್ನ ಕಣ್ಣಿಗೆ ಕಬ್ಬಿಣದ ಬಾಗಿಲಿರುವ ಮೀನೇ ಬರುತ್ತದೆ.

ಆರನೆಯ ಕ್ಲಾಸಿನಲ್ಲಿ ಸ್ಕ್ರಿಪ್ಚರಿಗೆ ಮೊದಲ ಬಹುಮಾನ ನನಗೆ ಬಂತು. ಕ್ರೈಸ್ತ ಹುಡುಗರೆಲ್ಲ ಭಾನುವಾರ ಕೇಳಿದ್ದನ್ನೇ ಕೇಳಿ ಬೇಸತ್ತಿದ್ದರು. ನಾನಾದರೋ ಪ್ರತಿ ಕಥೆಯನ್ನೂ ಮನೆಗೆ ಒಯ್ದು ಅಜ್ಜಿಗೆ ಒಪ್ಪಿಸುತ್ತಿದ್ದೆ, ಅದರಿಂದ ಎರಡೆರಡು ಸಲ ಓದಿದಂತಾಗುತ್ತಿತ್ತು. ಪ್ರಳಯ ಮತ್ತು ದೋಣಿಯ ಕಥೆ ಕೇಳಿ ಅಜ್ಜಿ, "ಇದು ನಮ್ದೇ. ಮೀನು ಒಂದನ್ನ ಹೇಳಕ್ಕೆ ಮರ್ತಿದಾರೆ" ಅಂದಿದ್ದಳು. ಬಹುಮಾನವಾಗಿ ಬಂದದ್ದು ಕುರಿಮರಿಯನ್ನು ಹೆಗಲ ಮೇಲೆ ಹೊತ್ತ ಕುರುಬನ ಪಟ, ಗಾಜು ಹಾಕಿಸಿದ್ದು. ಅದನ್ನು ಎಲ್ಲಿಡುವುದೆಂದು ಅಪ್ಪ ಅಮ್ಮ ಮುಖ ಮುಖ ನೋಡಿಕೊಳ್ಳುತ್ತಿದ್ದಾಗ ಅಜ್ಜಿಯೇ ತೀರ್ಪು ಕೊಟ್ಟಳು. "ನಮ್ಮವನು ದನ ಕಾಯ್ದ, ಇವನು ಕುರಿ ಕಾಯ್ದ. ಪಕ್ಕಪಕ್ಕದಲ್ಲಿ ಇರ್ಲಿ." ಬಣ್ಣ ಮಾಸುವವರೆಗೂ ಅದು ಕೃಷ್ಣನ ಪಟದ ಪಕ್ಕದಲ್ಲಿಯೇ ತೂಗುತ್ತಿತ್ತು.

ಈ ಬಹುಮಾನದಿಂದ ಮುಂದೆ ಹೊಟ್ಟೆ ತುಂಬೀತೆಂದು ಆಗ ಯಾರೂ ಎಣಿಸಿರಲಿಲ್ಲ. ನಾನು ಕೋಡಂಬಾಕ್ಕಂನ ಒಂದು ಡಬ್ಬಿಂಗ್ ಸ್ಟುಡಿಯೋಗೆ ಕನ್ನಡ ಮಾತು ಬರೆಯುವವನು. ಇಪ್ಪತ್ನಾಲ್ಕು ವರ್ಷದಿಂದ ಅದೇ ಕೆಲಸ. ಇಂಗ್ಲಿಷಿನ ಚಿತ್ರಗಳು, ಧಾರಾವಾಹಿಗಳು ಬರುತ್ತವೆ, ಪರದೆಯ ಮೇಲೆ ಬಿಳಿಯರು ಬಾಯಾಡಿಸುತ್ತಾರೆ, ಆ ಬಾಯಿಗೆ ನಾನು ಕನ್ನಡ ತುಂಬುತ್ತೇನೆ. ಕಷ್ಟವಿರುವುದು ಅರ್ಥದಲ್ಲಲ್ಲ, ತುಟಿಯಲ್ಲಿ. ಪರದೆಯವನ ತುಟಿ ಕೂಡುವ ಕಡೆ ನನ್ನ ಮಾತಿನಲ್ಲೂ ಪ, ಬ, ಮ ಬರಬೇಕು. ಇಲ್ಲದಿದ್ದರೆ ನೋಡುವವರಿಗೆ ಎಲ್ಲೋ ಏನೋ ತಪ್ಪಿದೆ ಅನ್ನಿಸುತ್ತದೆ. ಒಂದು 'ಮ' ಹುಡುಕುತ್ತ ನಾನು ಅರ್ಧ ದಿನ ಕಳೆದದ್ದುಂಟು.

ಈ ಬಿಳಿಯರ ಮಾತಿನಲ್ಲಿ ಮೂರಕ್ಕೊಂದು ಬೈಬಲ್ಲಿನದು ಎಂದು ಗೊತ್ತಾದದ್ದು ಕೆಲಸಕ್ಕೆ ಸೇರಿದ ಮೇಲೆ. ಆಡುವವರಿಗೇ ಅದು ಗೊತ್ತಿರುವುದಿಲ್ಲ. ಗೂಂಡಾ ಆಡುತ್ತಾನೆ, ಪೊಲೀಸಿನವನು ಆಡುತ್ತಾನೆ, ಕುಡುಕ ಎಲ್ಲರಿಗಿಂತ ಹೆಚ್ಚು ಆಡುತ್ತಾನೆ. ನನಗೆ ತಿಳಿಯದ್ದು ಬಂದಾಗ ಗ್ರೇಸ್ ಟೀಚರಿಗೆ ಫೋನು ಮಾಡುತ್ತಿದ್ದೆ. ಅವರು ನಿವೃತ್ತರಾಗಿ ನಮ್ಮ ಎದುರು ಬೀದಿಯಲ್ಲೇ ಇದ್ದಾರೆ, ಈಗ ಎಪ್ಪತ್ತಾರು. ಕೊನೆಗಳಿಗೆಗೆ ಇಂಗ್ಲಿಷಿನವರು ಹೇಳುವ 'ಹನ್ನೊಂದನೇ ಗಂಟೆ' ಎಂದರೆ ರಾತ್ರಿ ಹನ್ನೊಂದು ಎಂದೇ ನಾನು ನಲವತ್ತು ವರ್ಷ ನಂಬಿದ್ದೆ. "ಅಲ್ಲಾ ಕಣ್ಣು, ಸೂರ್ಯ ಹುಟ್ಟಿದಾಗಿಂದ ಲೆಕ್ಕ. ಸಂಜೆ ಐದು. ತೋಟದ ಕೆಲ್ಸ ಮುಗಿಯೋ ಹೊತ್ತಿಗೆ ಬಂದವನ ಕಥೆ ಅದು" ಎಂದು ಅವರು ತಿದ್ದಿದರು. ಕಣ್ಣು ಎಂಬುದು ತಮಿಳಿನವರ ಮುದ್ದಿನ ಕರೆ. ಟಿವಿಯ ಟ್ಯಾಲೆಂಟ್ ಷೋಗಳಲ್ಲಿರುವ ಟ್ಯಾಲೆಂಟು ಕೂಡ ಅಲ್ಲಿಂದಲೇ ಬಂದದ್ದೆಂದೂ ಮೊದಲು ಅದು ಒಂದು ತೂಕದ ಹೆಸರಾಗಿತ್ತೆಂದೂ ಹೇಳಿಕೊಟ್ಟವರು ಅವರೇ.

ನನಗೊಂದು ಚಾಳಿಯಿತ್ತು. ಅಲ್ಲಿಯ ಕಥೆ ಬಂದಲ್ಲೆಲ್ಲ ನಮ್ಮ ಕಥೆ ಇಡುವುದು. ದಾವೀದನೂ ದೈತ್ಯನೂ ಬಂದಲ್ಲಿ ಭೀಮ ಬಕಾಸುರರನ್ನು ಕೂರಿಸಿ ಹೆಮ್ಮೆಪಟ್ಟಿದ್ದೆ. ಟೀಚರ್ ಅದನ್ನು ಟಿವಿಯಲ್ಲಿ ನೋಡಿ ಫೋನು ಮಾಡಿದರು. "ಏನ್ ರಾಘು, ಭೀಮ ಗೆದ್ರೆ ಅದ್ರಲ್ಲಿ ಏನಪ್ಪಾ ಇದೆ? ಅವ್ನೇ ಅಷ್ಟು ದಪ್ಪ. ನಮ್ಮವನು ಕುರಿ ಮೇಯಿಸ್ತಿದ್ದ ಪೊಡಿಯನ್. ಸೈಜು ತಪ್ಪಿದ್ರೆ ಕಥೆನೇ ಇಲ್ಲ." ಪೊಡಿಯನ್ ಎಂದರೆ ತಮಿಳಿನಲ್ಲಿ ಚಿಕ್ಕ ಹುಡುಗ. ನಾನು ತಪ್ಪೊಪ್ಪಿಕೊಂಡೆ, ಆದರೆ ಚಾಳಿ ಬಿಡಲಿಲ್ಲ.

ಬಿಡದಿದ್ದುದರ ಫಲ ಹೋದ ವರ್ಷ ಸಿಕ್ಕಿತು. ಚಳಿದೇಶದ ಒಂದು ಮೀನುಗಾರರ ಊರಿನ ಧಾರಾವಾಹಿ. ಒಬ್ಬ ವಿಧವೆಯ ಒಬ್ಬನೇ ಮಗ ದೋಣಿಯೊಂದಿಗೆ ಮುಳುಗಿಹೋಗುತ್ತಾನೆ. ಊರಿನ ಪಾದ್ರಿ ಅವಳ ಮನೆಗೆ ಬಂದು ಎರಡು ಮಾತು ಹೇಳಿ ಸಮಾಧಾನ ಮಾಡುತ್ತಾನೆ. ತುಟಿಯ ಲೆಕ್ಕ ಹಾಕಿದೆ. ಮೊದಲು ತೆರೆದ ಬಾಯಿ, ನಡುವೆ ಒಮ್ಮೆ ತುಟಿ ಕೂಡಬೇಕು, ಕೊನೆಗೆ ಇನ್ನೊಮ್ಮೆ. ಪೆನ್ನು ತಾನೇ ಓಡಿತು: 'ಕೃಷ್ಣಾರ್ಪಣ ಅಂದ್ಕೊಂಡು ಧೈರ್ಯ ತಂದ್ಕೊಮ್ಮಾ.'

ನಮ್ಮ ಮನೆಗಳಲ್ಲಿ ಈ ಮಾತು ಎಷ್ಟು ಸಲೀಸೆಂದು ನಿಮಗೆ ಗೊತ್ತು. ಹಾಲು ಉಕ್ಕಿ ಹೋದರೆ ಕೃಷ್ಣಾರ್ಪಣ, ಬಸ್ಸಿನಲ್ಲಿ ಕೊಡೆ ಮರೆತರೆ ಕೃಷ್ಣಾರ್ಪಣ. ಬರೆದ ನನಗೆ ಏನೂ ಅನ್ನಿಸಲಿಲ್ಲ. ಪಾದ್ರಿಗೆ ದನಿ ಕೊಡುವ ಗುರುರಾಜನೂ ನಮ್ಮಂಥದೇ ಮನೆಯವನು, ಅವನಿಗೂ ಏನೂ ಅನ್ನಿಸಲಿಲ್ಲ. ಸೌಂಡ್ ಇಂಜಿನಿಯರ್ ದಿನಕರನ್‌ಗೆ ಕನ್ನಡ ಬಾರದು, ಅವನು ನೋಡುವುದು ತುಟಿ ಮಾತ್ರ. ಸಿಂಕ್, ಅಂದರೆ ತುಟಿಗೂ ಮಾತಿಗೂ ಹೊಂದಿಕೆ, ಭಾಳ ಚೆನ್ನಾಗಿದೆ ಎಂದು ಅವನು ಹೆಬ್ಬೆರಳೆತ್ತಿ ತೋರಿಸಿದ್ದ. ತುಟಿ ಕೂಡಿತ್ತು, ದೇವರು ಮಾತ್ರ ಬದಲಾಗಿದ್ದ.

ಕೊರಳಲ್ಲಿ ಗೇಣುದ್ದ ಶಿಲುಬೆ ಹಾಕಿಕೊಂಡ ಪಾದ್ರಿ ಕೃಷ್ಣಾರ್ಪಣ ಅನ್ನುವ ಆ ಹತ್ತು ಸೆಕೆಂಡು ವಾರದೊಳಗೆ ಎಲ್ಲರ ಫೋನಿನಲ್ಲಿತ್ತು. ಹಿನ್ನೆಲೆಗೆ ಯಾರೋ ಕೊಳಲು ಸೇರಿಸಿದ್ದರು. ಮಗನೂ ಅದನ್ನು ನನಗೇ ಕಳಿಸಿ, ಯಾರಪ್ಪ ಇದನ್ನ ಬರೆದದ್ದು ಎಂದು ಕೇಳಿದ್ದ. ಎರಡು ದಿನ ನಾನೂ ನಕ್ಕೆ. ಮೂರನೆಯ ದಿನ, ಗುರುವಾರ, ಸ್ಟುಡಿಯೋ ಮಾಲೀಕ ಸೆಲ್ವಂ ಕರೆಸಿದರು.

ಅವರು ಕೂಗಾಡುವವರಲ್ಲ. "ಸೀರಿಯಲ್ ಕಂಪನಿಯವರು ಫೋನ್ ಮಾಡಿದ್ರು. ಶನಿವಾರ ಐದು ಗಂಟೆಗೆ ತಿದ್ದಿದ್ದು ಹೋಗ್ಬೇಕು. ಯಾರಾದ್ರೂ ಕ್ರಿಶ್ಚಿಯನ್ ಕೇಳಿ ಓಕೆ ಅಂದಿರ್ಬೇಕು. ಇಲ್ಲಾಂದ್ರೆ ಮಿಕ್ಕ ಎಂಟು ಎಪಿಸೋಡು ಬೆಂಗಳೂರಿಗೆ ಕೊಡ್ತಾರಂತೆ, ನಾನೇನೂ ಮಾಡಕ್ಕಾಗಲ್ಲ" ಎಂದು ತಮಿಳಿನಲ್ಲಿ ಹೇಳಿದರು. ಅದರ ಅರ್ಥ ನನಗೆ ಗೊತ್ತಿತ್ತು. ಕನ್ನಡದ ಡಬ್ಬಿಂಗ್ ಒಂದೊಂದಾಗಿ ಆಗಲೇ ಬೆಂಗಳೂರಿಗೆ ಹೋಗಿತ್ತು. ಇಲ್ಲಿ ಉಳಿದಿದ್ದದ್ದು ಇದೊಂದೇ. ಇದೂ ಹೋದರೆ ಐವತ್ತನಾಲ್ಕನೆಯ ವಯಸ್ಸಿನಲ್ಲಿ, ತುಟಿಗೆ ಮಾತು ಹೊಂದಿಸುವುದೊಂದನ್ನು ಬಿಟ್ಟು ಬೇರೇನೂ ಬಾರದವನು ನಾನು.

ಇಂಗ್ಲಿಷಿನಲ್ಲಿ ಪಾದ್ರಿ ಹೇಳುವುದು, ಬೈಬಲ್ಲಿನಲ್ಲಿ ಎಲ್ಲವನ್ನೂ ಕಳೆದುಕೊಂಡ ಯೋಬ ಹೇಳಿದನೆನ್ನುವ ಮಾತು. ಕೊಟ್ಟವನು ದೇವರು, ತೆಗೆದುಕೊಂಡವನೂ ಅವನೇ, ಅವನಿಗೆ ಸ್ತೋತ್ರ ಎಂಬ ಮೂರು ತುಂಡಿನ ಮಾತು. ಪಾದ್ರಿಯ ಬಾಯಿಗೆ ಮೊದಲಿನ ಎರಡು ತುಂಡು ಹಿಡಿದರೆ ಸಾಕಾಗಿತ್ತು. ನಾಲ್ಕಾರು ರೀತಿ ಬರೆದುಕೊಂಡು ಶುಕ್ರವಾರ ಬೆಳಿಗ್ಗೆ ಟೀಚರ ಮನೆಗೆ ಹೋದೆ. ಅವರು ಆ ಹತ್ತು ಸೆಕೆಂಡನ್ನು ಆಗಲೇ ನೋಡಿದ್ದರು. ಚರ್ಚಿನ ಗ್ರೂಪಿನಲ್ಲಿ ಬಂದಿತ್ತಂತೆ. ನಗಲಿಲ್ಲ, ಬೈಯಲೂ ಇಲ್ಲ. ಸ್ಟುಡಿಯೋಗೆ ಬಂದು ಕೇಳಿ ಓಕೆ ಅನ್ನಬೇಕೆಂದು ಹೇಳಿ ನಾನು ಚೀಟಿ ಮುಂದೆ ಹಿಡಿದರೆ ಅದನ್ನು ಓದಿ ಹಿಂದಕ್ಕೆ ಕೊಟ್ಟರು.

"ಇದು ಬೇಡ ರಾಘು. ಬೇರೆ ಏನ್ ಬೇಕಾದ್ರೂ ಕೇಳು. ಇದನ್ನ ಮಾತ್ರ ಬೇರೆ ಯಾರ ಹತ್ರಾನಾದ್ರೂ ಕೇಳ್ಕೋ."

ಇಷ್ಟು ವರ್ಷದಲ್ಲಿ ಅವರು ಇಲ್ಲ ಅಂದದ್ದು ಅದೇ ಮೊದಲು. ನನಗೆ ನನ್ನ ಎಂಟು ಎಪಿಸೋಡಿನ ಚಿಂತೆ. "ಟೀಚರ್, ನಾಳೆ ಐದು ಗಂಟೆಗೆ ಕೊಡ್ಬೇಕು. ಇಲ್ದಿದ್ರೆ ನನ್ ಕೆಲ್ಸ ಹೋಗುತ್ತೆ" ಅಂದೆ. ಹಾಗೆ ಅಂದದ್ದಕ್ಕೆ ಈಗ ನಾಚಿಕೆಯಾಗುತ್ತದೆ.

ಟೀಚರ್ ಕಾರಣ ಹೇಳಿದರು. ಅವರ ಗಂಡ ಸಾಮುವೇಲ್ ಸಾರ್ ಎಣ್ಣೂರಿನ ವಿದ್ಯುತ್ ಸ್ಥಾವರದಲ್ಲಿದ್ದವರು. ಅವರ ಷರಟಿನ ಕಾಲರಿನಿಂದ ಬೂದಿ ತೆಗೆಯಲು ಟೀಚರ್ ಹಳೆಯ ಹಲ್ಲುಜ್ಜುವ ಬ್ರಷ್ ಇಟ್ಟುಕೊಂಡಿದ್ದರು. ನಿವೃತ್ತಿಗೆ ಎರಡು ತಿಂಗಳಿದ್ದಾಗ ಎದೆ ಹಿಡಿದುಕೊಂಡು ಕೆಲಸದ ಮೇಲೆಯೇ ಹೋಗಿಬಿಟ್ಟರು. ಇಷ್ಟು ನನಗೂ ಗೊತ್ತಿತ್ತು. ಗೊತ್ತಿಲ್ಲದಿದ್ದುದು ಮುಂದಿನದು.

"ಮಣ್ಣಲ್ಲಿ ಇಡೋವಾಗ ಪಾಸ್ಟರ್ ಈ ಮಾತು ಹೇಳ್ತಾರೆ. ಎಲ್ಲಾರೂ ಕೂಡ ಹೇಳ್ಬೇಕು. ಕೊಟ್ಟೋನು ಅವ್ನು, ತಗೊಂಡೋನು ಅವ್ನು, ಅವ್ನಿಗೆ ಸ್ತೋತ್ರ. ನಾನು ಬಾಯಿ ತೆರೀಲಿಲ್ಲ. ನಾನು, ಎಷ್ಟು ಮಕ್ಕಳಿಗೆ ಆ ಪಾಠ ಮಾಡಿದೋಳು. ನನ್ ನಾತನಾರ್ ಪಕ್ಕದಲ್ಲಿ ನಿಂತ್ಕೊಂಡು ನನ್ ಬಾಯೇ ನೋಡ್ತಿದ್ಲು. ಇಪ್ಪತ್ತು ವರ್ಷ ಆಯ್ತು. ಈಗ್ಲೂ ಯಾರ ಸಾವಿಗೆ ಹೋದ್ರೂ ಆ ಜಾಗ ಬಂದಾಗ ಬಾಯಿ ಮುಚ್ಕೋತೀನಿ. ಭಾನುವಾರ ಚರ್ಚಿಗೆ ಹೋಗದೇ ಇರಲ್ಲ. ಅದೊಂದು ಮಾತ್ರ ಬರಲ್ಲ."

ನಾತನಾರ್ ಎಂದರೆ ನಾದಿನಿ. ಚೀಟಿ ಮಡಚಿ ಜೇಬಿಗೆ ಹಾಕಿಕೊಂಡೆ. ಏಳುವುದರಲ್ಲಿದ್ದೆ, ಟೀಚರ್ ಕೇಳಿದರು: "ನಿಮ್ಮವರು ಆ ಕೃಷ್ಣಾರ್ಪಣ ಯಾವಾಗ ಹೇಳ್ತಾರೆ? ಹಾಲು ಚೆಲ್ಲಿದ್ರೆ ಮಾತ್ರಾನಾ?"

ಹಾಲು, ಕೊಡೆ ಎಂದು ಶುರುಮಾಡಿದವನಿಗೆ ಯಾಕೋ ಸುಧಾ ನೆನಪಾದಳು. ಸುಧಾ ನನ್ನ ತಂಗಿ. ಮೂರು ವರ್ಷದವಳಿದ್ದಾಗ ನಾಲ್ಕು ದಿನದ ಜ್ವರಕ್ಕೆ ಹೋದಳು. ನನಗಾಗ ಏಳು. ಅವಳನ್ನು ಎತ್ತಿಕೊಂಡು ಹೋದಮೇಲೆ ಅಮ್ಮ ಒಂದೇ ಒಂದು ಸಲ ಕೃಷ್ಣಾರ್ಪಣ ಅಂದಳು. ಆಮೇಲೆ ಹಿತ್ತಲಿಗೆ ಹೋಗಿ ಬಾವಿಯಿಂದ ನೀರು ಸೇದಿ ಸೇದಿ, ಒಗೆದ ಬಟ್ಟೆಯನ್ನೇ ಮತ್ತೆ ಒಗೆದಳು. ಕತ್ತಲಾಗುವವರೆಗೂ ಅವಳನ್ನು ಯಾರೂ ಒಳಗೆ ಕರೆಯಲಿಲ್ಲ. ಇದನ್ನು ನಾನು ಪದ್ಮಾಗೂ ಸರಿಯಾಗಿ ಹೇಳಿದವನಲ್ಲ. ಟೀಚರಿಗೆ ಹೇಳಿದೆ.

"ಅಮ್ಮ ಅದನ್ನ ಯಾರಿಗೆ ಹೇಳಿದ್ಲು?"

"ಯಾರಿಗೂ ಅಲ್ಲ ಟೀಚರ್. ಗೋಡೆ ನೋಡ್ಕೊಂಡು ಅಂದಳು."

ಟೀಚರ್ ಎದ್ದು ಹೋಗಿ ಕಾಫಿ ಮಾಡಿಕೊಂಡು ಬಂದರು. ನಾನು ಕುಡಿದು ಲೋಟ ಕೆಳಗಿಟ್ಟಾಗ, "ನಾಳೆ ಎಷ್ಟೊತ್ತಿಗೆ ಬರ್ಬೇಕು?" ಎಂದು ಕೇಳಿದರು.

ಶನಿವಾರ ಮೂರು ಗಂಟೆಗೆ ಟೀಚರನ್ನು ಆಟೋದಲ್ಲಿ ಕೋಡಂಬಾಕ್ಕಂಗೆ ಕರೆದುಕೊಂಡು ಹೋದೆ. ಸ್ಟುಡಿಯೋದ ಏಸಿಗೆ ಚಳಿಯಾಗುತ್ತದೆಂದು ಶಾಲು ತಂದಿದ್ದರು. ಗಾಜಿನಾಚೆ ಗುರುರಾಜ ಮೈಕಿನ ಮುಂದೆ, ಈಚೆ ದಿನಕರನ್, ಸೆಲ್ವಂ, ನಾನು, ಟೀಚರ್. ನಾನು ಬರೆದದ್ದು ಇಷ್ಟು: 'ಕೊಟ್ಟೋನು ಅವನೇ ಅಮ್ಮಾ, ತಗೊಂಡೋನೂ ಅವನೇಮ್ಮಾ.' ನಮ್ಮಲ್ಲಿ ಸಾವಿನ ಮನೆಯಲ್ಲಿ ಯಾರು ಬೇಕಾದರೂ ಆಡುವ ಮಾತೇ. ಎರಡು ದಿನ ಹುಡುಕಿದ್ದು ಬಾಗಿಲಲ್ಲೇ ಇತ್ತು. ತುಟಿಯೂ ಹೊಂದಿತು.

ಗುರುರಾಜ ಗಂಭೀರವಾದ ದನಿಯಲ್ಲಿ ಹೇಳಿದ. ನಾವೆಲ್ಲ ಟೀಚರ ಮುಖ ನೋಡಿದೆವು. ಅವರು ತಲೆಯಾಡಿಸಲಿಲ್ಲ. "ಅವನು ಮೈಕಲ್ಲಿ ಪ್ರಸಂಗ ಮಾಡ್ತಿದಾನೆ. ಅವಳ ಮಗ ಸತ್ತಿದಾನಪ್ಪಾ" ಅಂದರು. ಎರಡನೆಯ ಸಲ ಮೆತ್ತಗೆ ಹೇಳಿದ. "ಈಗ ಔಷಧಿ ಕುಡಿಸೋ ಹಾಗಿದೆ." ಮೂರು, ನಾಲ್ಕು, ಐದು. ಗುರುರಾಜ ಹೆಸರು ಮಾಡಿದ ಕಲಾವಿದ, ಅವನ ಮುಖ ಕೆಂಪಾಗತೊಡಗಿತು. ಗಡಿಯಾರದಲ್ಲಿ ನಾಲ್ಕೂ ಕಾಲು. ಸೆಲ್ವಂ ನನ್ನ ಕಡೆ ನೋಡಿ ಗಡಿಯಾರ ನೋಡಿದರು. ಟೀಚರನ್ನು ಕರೆತಂದು ತಪ್ಪು ಮಾಡಿದೆನೇನೋ ಎಂದು ನನಗೆ ಅನ್ನಿಸಿದ್ದು ನಿಜ.

"ನಾನು ಒಂದ್ಸಲ ಒಳಗೆ ಹೋಗ್ಲಾ?" ಎಂದು ಟೀಚರ್ ಕೇಳಿದರು.

ದಿನಕರನ್ ಹೆಡ್‌ಫೋನು ಹಾಕಿಕೊಟ್ಟ. ಮೈಕನ್ನು ಅವರ ಎತ್ತರಕ್ಕೆ ಇಳಿಸಿದ. ಪರದೆಯ ಮೇಲೆ ಪಾದ್ರಿ ಬಂದ, ಕುರ್ಚಿಯಲ್ಲಿ ಕುಳಿತ, ಬಾಯಿ ತೆರೆದ. ನಾವೆಲ್ಲ ನೋಡುವುದು ಅವನ ತುಟಿಯನ್ನು. ಟೀಚರ್ ನೋಡುತ್ತಿದ್ದುದು ಆ ಹೆಂಗಸನ್ನು.

"ಕೊಟ್ಟೋನು ಅವ್ನೇಮ್ಮಾ" ಅಂದರು.

ಅಷ್ಟಕ್ಕೇ ನಿಂತರು. ಪಾದ್ರಿಯ ತುಟಿ ಇನ್ನೊಮ್ಮೆ ಕೂಡಿತು, ದನಿಯಿಲ್ಲ. ಅವನ ಮಾತು ಮುಗಿಯಿತು, ಬಾಯಿ ಮುಚ್ಚಿದ. ಕ್ಯಾಮೆರಾ ತಿರುಗಿ ಹೆಂಗಸಿನ ಮುಖಕ್ಕೆ ಹೋಯಿತು. ಅವಳು ಏನೂ ಹೇಳುವುದಿಲ್ಲ, ಕಿಟಕಿಯ ಕಡೆ ನೋಡುತ್ತಾಳೆ ಅಷ್ಟೆ. ಆ ಮುಖದ ಮೇಲೆ ಟೀಚರ ಮಾತು ಬಿತ್ತು. "ತಗೊಂಡೋನೂ ಅವ್ನೇ." ಸುದ್ದಿ ಹೇಳುವಂತೆ ಹೇಳಿದರು.

ದಿನಕರನ್ ತಿರುಗಿ, "ಸಿಂಕ್ ಹೋಯ್ತು ಸಾರ್, ಇನ್ನೊಂದು ಟೇಕ್ ಕೇಳ್ಲಾ?" ಅಂದ. ಇಪ್ಪತ್ನಾಲ್ಕು ವರ್ಷ ನಾನೇ ಅವನ ತಲೆ ತಿಂದದ್ದು ತುಟಿ ತುಟಿ ಎಂದು. ಬೇಡ ಅಂದೆ. ಪಾದ್ರಿಯ ಎರಡನೆಯ ತುಂಡಿಗೆ ಗಾಳಿಯ ಸದ್ದು ಮಾತ್ರ ಇಟ್ಟು, ಆ ಮಾತನ್ನು ಹೆಂಗಸಿನ ಮುಖದ ಮೇಲೆ ಹಾಕು ಅಂದೆ. "ದನಿ ಯಾರದು, ಗುರುರಾಜಂದಾ?" ಎಂದು ಅವನು ಕೇಳಿದ. ನಾನು ಸೆಲ್ವಂ ಕಡೆ ನೋಡಿದೆ. ಅವರು ಕನ್ನಡ ತಿಳಿಯದವರು. ಕಣ್ಣು ಒರೆಸಿಕೊಂಡು, "ಆ ಅಮ್ಮನದೇ ಇರ್ಲಿ" ಅಂದರು. ಹಾಗಾಗಿ ಆ ಧಾರಾವಾಹಿಯಲ್ಲಿ ಮೊದಲ ತುಂಡು ಗುರುರಾಜನದು, ಎರಡನೆಯದು ಟೀಚರ ದನಿಯಲ್ಲಿ, ಬಾಯಿ ತೆರೆಯದ ವಿಧವೆಯದು. ಟೀಚರ್ ಕೇಳಿ ಸರಿ ಅಂದಮೇಲೆ ನಾಲ್ಕು ಮುಕ್ಕಾಲಿಗೆ ಫೈಲು ಹೋಯಿತು. ಸೋಮವಾರ ಮುಂದಿನ ಎಪಿಸೋಡು ನನ್ನ ಕೈಗೆ ಬಂತು.

ಹಿಂದಿರುಗುವಾಗ ಆಟೋದಲ್ಲಿ ಟೀಚರ್ ಶಾಲು ಮಡಚಿ ತೊಡೆಯ ಮೇಲಿಟ್ಟುಕೊಂಡಿದ್ದರು. ಅವರಿಗೆ ಥ್ಯಾಂಕ್ಸ್ ಹೇಳಲು ಬಾಯಿ ತೆರೆದರೆ ಅವರೇ ಮೊದಲು ಮಾತಾಡಿದರು.

"ಕೊನೇದು, ಆ ಸ್ತೋತ್ರ, ನಾನು ಹೇಳ್ಲಿಲ್ಲ, ನೋಡಿದ್ಯಾ?"

"ನೋಡಿದೆ ಟೀಚರ್. ಅದು ಸ್ಕ್ರಿಪ್ಟಿನಲ್ಲೇ ಇರ್ಲಿಲ್ಲ."

"ಇದ್ದಿದ್ರೂ ಹೇಳ್ತಿರ್ಲಿಲ್ಲ ಕಣ್ಣು. ಎರಡು ಬರಕ್ಕೇ ಇಪ್ಪತ್ತು ವರ್ಷ ಆಯ್ತು."